ಮಾರಲಾಗದ ಚಿತ್ರವನ್ನು ಕದಿಯುವುದು ಯಾಕೆ?

ಪ್ರಶ್ನೆ: ದೊಡ್ಡ ಮ್ಯೂಸಿಯಂಗಳಿಂದ ಹೆಸರಾಂತ ಚಿತ್ರಗಳು ಕಳುವಾದ ಸುದ್ದಿಯನ್ನು ಆಗಾಗ ಓದುತ್ತೇನೆ. ಜಗತ್ತಿಗೆಲ್ಲ ಗೊತ್ತಿರುವ ಚಿತ್ರವನ್ನು ಕದ್ದು ಯಾರಿಗೆ ಮಾರುತ್ತಾರೆ? ಗುಟ್ಟಾಗಿ ಕೊಂಡು ಮನೆಯಲ್ಲಿಟ್ಟುಕೊಳ್ಳುವ ಕೋಟ್ಯಧೀಶರು ನಿಜವಾಗಿಯೂ ಇದ್ದಾರಾ? ಇನ್ನೊಂದು ವಿಷಯ. ನಮ್ಮ ಮನೆಯಲ್ಲಿ ಮುತ್ತಜ್ಜನ ಕಾಲದ ಮೈಸೂರು ಶೈಲಿಯ ಚಿತ್ರವೊಂದಿದೆ. ಅದರ ಬಗ್ಗೆ ನಾವು ಏನಾದರೂ ಎಚ್ಚರ ವಹಿಸಬೇಕಾ?

ಉತ್ತರ: ಮೊದಲ ಪ್ರಶ್ನೆಗೆ ನೇರ ಉತ್ತರ ಕೊಡುತ್ತೇನೆ. ಮಾರಲು ಆಗುವುದಿಲ್ಲ. ಹೆಸರಾಂತ ಚಿತ್ರ ಕಳುವಾದ ಮರುದಿನವೇ ಅದರ ಫೋಟೊ ಎಲ್ಲ ಕಡೆ ಬರುತ್ತದೆ. ಇಂಟರ್‌ಪೋಲ್ ಪಟ್ಟಿಗೆ ಸೇರುತ್ತದೆ. ಲಂಡನ್ನಿನ ಆರ್ಟ್ ಲಾಸ್ ರಿಜಿಸ್ಟರ್ ಎಂಬ ಸಂಸ್ಥೆಯ ಕಡತಕ್ಕೂ ಸೇರುತ್ತದೆ. ದೊಡ್ಡ ಹರಾಜು ಸಂಸ್ಥೆಗಳು ಮಾರಾಟಕ್ಕೆ ಬಂದ ಚಿತ್ರವನ್ನು ಇಂಥ ಕಡತಗಳಲ್ಲಿ ಹುಡುಕಿ ನೋಡದೆ ಮುಂದುವರಿಯುವುದಿಲ್ಲ. ಪ್ರಾಮಾಣಿಕ ವ್ಯಾಪಾರದ ಬಾಗಿಲು ಅಲ್ಲಿಗೆ ಮುಚ್ಚಿತು.

ಹಾಗಾದರೆ ಕದಿಯುವುದು ಯಾಕೆ? ನಾನು ಹಳೆಯ ಚಿತ್ರಗಳ ದುರಸ್ತಿ, ಸಂರಕ್ಷಣೆಯ ಕೆಲಸದಲ್ಲಿ ಇರುವವಳು. ಕಳುವಿನ ಪ್ರಕರಣಗಳನ್ನು ವರ್ಷಗಳಿಂದ ಓದುತ್ತಾ ಬಂದಿದ್ದೇನೆ. ಒಂದು ಮಾತು ಮತ್ತೆ ಮತ್ತೆ ನಿಜವಾಗಿದೆ. ಚಿತ್ರ ಕದಿಯುವವರಲ್ಲಿ ಹೆಚ್ಚಿನವರಿಗೆ ಗೊತ್ತಿರುವುದು ಕಳ್ಳತನ ಮಾತ್ರ. ಚಿತ್ರದ ವ್ಯಾಪಾರ ಅವರಿಗೆ ಗೊತ್ತಿಲ್ಲ. ಇಂಥವರ ಚಿತ್ರ ಇಷ್ಟು ಕೋಟಿಗೆ ಹರಾಜಾಯಿತು ಅನ್ನುವ ಸುದ್ದಿ ಅವರ ಕಣ್ಣಿಗೆ ಬೀಳುತ್ತದೆ. ಆ ಚಿತ್ರ ಒಂದು ಗೋಡೆಯ ಮೇಲೆ, ಎರಡು ಮೊಳೆಯ ಆಧಾರದಲ್ಲಿ ನೇತಾಡುತ್ತಿರುವುದೂ ಕಾಣುತ್ತದೆ. ಬ್ಯಾಂಕಿಗಿಂತ ಇದು ಸುಲಭ ಅಲ್ವಾ ಅಂದುಕೊಳ್ಳುತ್ತಾರೆ. ಕದಿಯುವುದು ಸುಲಭವೇ. ಕೊಳ್ಳುವವರು ಯಾರೂ ಇಲ್ಲ ಎಂದು ತಿಳಿಯುವುದು ಚಿತ್ರ ಮನೆಗೆ ಬಂದ ಮೇಲೆ.

ಆಮ್‌ಸ್ಟರ್‌ಡ್ಯಾಮಿನ ವ್ಯಾನ್ ಗೋ ಮ್ಯೂಸಿಯಂನ ಕತೆಯನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ನಿಮ್ಮ ಪ್ರಶ್ನೆಯ ಹೆಚ್ಚಿನ ಭಾಗಕ್ಕೆ ಇದರಲ್ಲೇ ಉತ್ತರವಿದೆ. 2002ರ ಡಿಸೆಂಬರ್ 7ರಂದು ಬೆಳಿಗ್ಗೆ ಇಬ್ಬರು ಏಣಿ ಹಾಕಿ ಮ್ಯೂಸಿಯಂನ ಚಾವಣಿ ಹತ್ತಿದರು. ದೊಡ್ಡ ಸುತ್ತಿಗೆಯಿಂದ ಕಿಟಕಿ ಒಡೆದು ಒಳಗೆ ನುಗ್ಗಿದರು. ಎರಡು ಚಿತ್ರ ಕಿತ್ತುಕೊಂಡು ಹಗ್ಗ ಹಿಡಿದು ಇಳಿದರು. ಎಲ್ಲ ಸೇರಿ 4 ನಿಮಿಷವೂ ಹಿಡಿಯಲಿಲ್ಲ. ಅವರಲ್ಲಿ ಒಬ್ಬನಾದ ಆಕ್ಟೇವ್ ಡರಾಮ್ ಜೈಲಿನಿಂದ ಬಂದ ಮೇಲೆ ತಾನೇ ಇದನ್ನೆಲ್ಲ ಹೇಳಿದ್ದಾನೆ. ಅವನು ಚಿತ್ರಪ್ರೇಮಿ ಅಲ್ಲ, ವೃತ್ತಿಯ ಕಳ್ಳ. ಆ ಎರಡನ್ನೇ ಆರಿಸಿದ್ದಕ್ಕೆ ಕಾರಣ, ಅವು ಚಿಕ್ಕವು, ಕೈಗೆ ಹತ್ತಿರ ಇದ್ದವು.

ಆ ಚಿಕ್ಕ ಚಿತ್ರಗಳು ಯಾವುವು ಗೊತ್ತಾ? ಒಂದು, ಶೆವೆನಿಂಗೆನ್ ಕಡಲತೀರದಲ್ಲಿ 1882ರಲ್ಲಿ ಬರೆದ ಸಮುದ್ರದ ಚಿತ್ರ. ವ್ಯಾನ್ ಗೋ ಬಿರುಗಾಳಿಯಲ್ಲಿ ಕಡಲ ದಂಡೆಯಲ್ಲೇ ನಿಂತು ಬರೆದ. ಗಾಳಿಗೆ ಹಾರಿ ಬಂದ ಮರಳಿನ ಕಣಗಳು ಇವತ್ತಿಗೂ ಬಣ್ಣದಲ್ಲಿ ಸಿಕ್ಕಿಕೊಂಡಿವೆ. ಇನ್ನೊಂದು, ನ್ಯೂನೆನ್ ಊರಿನ ಚರ್ಚಿನಿಂದ ಜನ ಹೊರಬರುತ್ತಿರುವ ಚಿತ್ರ. ಅವನ ತಂದೆ ಅಲ್ಲಿ ಪಾದ್ರಿಯಾಗಿದ್ದರು. ಕಾಲು ಮುರಿದುಕೊಂಡು ಮಲಗಿದ್ದ ತಾಯಿಗಾಗಿ ಬರೆದ ಚಿತ್ರ ಅದು. 1885ರಲ್ಲಿ ತಂದೆ ತೀರಿಹೋದ ಮೇಲೆ ಅದೇ ಚಿತ್ರಕ್ಕೆ ಜನರನ್ನು ಸೇರಿಸಿದ. ಅವರಲ್ಲಿ ಶೋಕದ ಉಡುಪಿನ ಹೆಂಗಸರೂ ಇದ್ದಾರೆ. ಒಬ್ಬ ಮಗ ತಂದೆತಾಯಿಗಾಗಿ ಮಾಡಿದ ಕೆಲಸ. ಕಳ್ಳನಿಗೆ ಅದು ಚೀಲದೊಳಗೆ ಹಿಡಿಯುವ ಅಳತೆಯ ವಸ್ತು, ಅಷ್ಟೇ.

ಆಮೇಲೆ ಡರಾಮ್ ಗಿರಾಕಿ ಹುಡುಕತೊಡಗಿದ. ಕೊನೆಗೆ ಕೊಂಡವನು ರಫಾಯೆಲೆ ಇಂಪೆರಿಯಾಲೆ ಎಂಬ ಇಟಲಿಯ ಮಾದಕವಸ್ತು ದಂಧೆಯವನು. ನೇಪಲ್ಸ್ ಸುತ್ತಲಿನ ಕಮೊರ್ರಾ ಎಂಬ ಭೂಗತ ಕೂಟಕ್ಕೆ ಸೇರಿದವನು. ಡರಾಮ್ ಹೇಳುವಂತೆ ಸಿಕ್ಕ ಹಣ ಸುಮಾರು 3.5 ಲಕ್ಷ ಯೂರೊ. ಕೋಟಿಗಟ್ಟಲೆ ಯೂರೊ ಬಾಳುವ ಚಿತ್ರಗಳಿಗೆ ಕಳ್ಳರ ಲೋಕದಲ್ಲಿ ಸಿಗುವ ಬೆಲೆ ಇದು. ಡರಾಮ್ ಸಿಕ್ಕಿಬಿದ್ದದ್ದು ಮರುವರ್ಷ, ಸ್ಪೇನಿನಲ್ಲಿ. ಓಡುವಾಗ ಟೋಪಿ ಬಿಟ್ಟುಹೋಗಿದ್ದ. ಅದರಲ್ಲಿದ್ದ ಕೂದಲಿನ ಡಿಎನ್‌ಎ ಅವನನ್ನು ಹಿಡಿದುಕೊಟ್ಟಿತು. ನಾಲ್ಕೂವರೆ ವರ್ಷದ ಶಿಕ್ಷೆಯಾಯಿತು. ಚಿತ್ರಗಳು ಮಾತ್ರ ಸಿಗಲಿಲ್ಲ.

ಇಂಪೆರಿಯಾಲೆ ಅವನ್ನು ಗೋಡೆಗೆ ತೂಗುಹಾಕಿ ಆನಂದಪಡಲಿಲ್ಲ. ಬಟ್ಟೆಯಲ್ಲಿ ಸುತ್ತಿ ಬಚ್ಚಿಟ್ಟ. 2016ರಲ್ಲಿ ಪೊಲೀಸರು ಅವನ ದಂಧೆಯ ಬೆನ್ನು ಹತ್ತಿದ್ದರು. ಆಗ ದುಬೈನಲ್ಲಿದ್ದ ಅವನು ನೇಪಲ್ಸಿನ ಸರ್ಕಾರಿ ವಕೀಲರಿಗೆ ಬರೆದು, ವ್ಯಾನ್ ಗೋ ಚಿತ್ರಗಳು ತನ್ನ ಬಳಿ ಇವೆ ಎಂದು ತಿಳಿಸಿದ. ಸೆಪ್ಟೆಂಬರಿನಲ್ಲಿ ಪೊಂಪೆಯ ಹತ್ತಿರದ ಕಾಸ್ತೆಲ್ಲಮ್ಮಾರೆ ದಿ ಸ್ತಾಬಿಯಾ ಎಂಬ ಊರಿನ ಮನೆಯೊಂದರಲ್ಲಿ ಅವು ಸಿಕ್ಕವು. ಕಳುವಾಗಿ ಸುಮಾರು 14 ವರ್ಷ ಕಳೆದಿತ್ತು.

ಇದೇ ಈ ಲೋಕದ ನಡೆ. ಕದ್ದ ಚಿತ್ರ ಭೂಗತ ಲೋಕದಲ್ಲಿ ಅಡವಿನ ಒಡವೆಯ ಹಾಗೆ ಓಡಾಡುತ್ತದೆ. ಸಾಲಕ್ಕೆ ಭದ್ರತೆಯಾಗಿ ಒಬ್ಬರಿಂದ ಇನ್ನೊಬ್ಬರ ಕೈಗೆ ಹೋಗುತ್ತದೆ. ಸಿಕ್ಕಿಬಿದ್ದಾಗ ಶಿಕ್ಷೆ ತಗ್ಗಿಸಿಕೊಳ್ಳಲು ಚೌಕಾಸಿಗೆ ಬರುತ್ತದೆ. ಚಿತ್ರಗಳು ಹತ್ತಾರು ವರ್ಷ ಕಳೆದು ದಿಢೀರನೆ ಹೊರಗೆ ಬರುವುದು ಬಹಳ ಸಲ ಇದೇ ಕಾರಣಕ್ಕೆ.

ನೀವು ಕೇಳಿದ ಗುಟ್ಟಿನ ಕೋಟ್ಯಧೀಶನ ವಿಷಯಕ್ಕೆ ಬರುತ್ತೇನೆ. ಸಮುದ್ರದ ನಡುವಿನ ಬಂಗಲೆಯಲ್ಲಿ ಕದ್ದ ಚಿತ್ರಗಳ ಮುಂದೆ ಕೂತಿರುವ ಸಾಹುಕಾರ ಸಿನಿಮಾದವನು. ದೊಡ್ಡ ಪ್ರಕರಣಗಳಲ್ಲಿ ಚಿತ್ರ ಮರಳಿ ಸಿಕ್ಕ ಜಾಗಗಳನ್ನು ನೋಡಿ. ಬಾಡಿಗೆ ಕೋಣೆ, ರೈಲ್ವೆ ನಿಲ್ದಾಣದ ಲಗೇಜ್ ಕೌಂಟರ್, ದಂಧೆಯವರ ಮನೆ. ಈ ಸಾಹುಕಾರನ ಬಂಗಲೆ ಆ ಪಟ್ಟಿಯಲ್ಲಿ ನನಗೆ ಇನ್ನೂ ಕಂಡಿಲ್ಲ. ಹಣ ಇರುವವರು ಹೆಮ್ಮೆಯಿಂದ ತೋರಿಸಿಕೊಳ್ಳುವುದಕ್ಕೇ ಚಿತ್ರ ಕೊಳ್ಳುತ್ತಾರೆ. ಯಾರಿಗೂ ತೋರಿಸಲಾಗದ, ಮಾರಲಾಗದ, ಮಕ್ಕಳಿಗೆ ಬಿಟ್ಟುಹೋಗಲೂ ಆಗದ ಚಿತ್ರ ಅವರಿಗೆ ಬೇಕಿಲ್ಲ.

ಬಾಸ್ಟನ್ನಿನ ಕಳವು ಇದನ್ನು ಇನ್ನೂ ಸ್ಪಷ್ಟ ಮಾಡುತ್ತದೆ. 1990ರ ಮಾರ್ಚ್ 18ರ ನಡುರಾತ್ರಿ ದಾಟಿದ ಮೇಲೆ ಪೊಲೀಸರ ವೇಷದ ಇಬ್ಬರು ಇಸಬೆಲ್ಲಾ ಸ್ಟೂವರ್ಟ್ ಗಾರ್ಡನರ್ ಮ್ಯೂಸಿಯಂನ ಬೆಲ್ ಒತ್ತಿದರು. ಗಲಾಟೆಯ ದೂರು ಬಂದಿದೆ ಎಂದರು. ಕಾವಲಿನ ಹುಡುಗ ಬಾಗಿಲು ತೆಗೆದ. ಇಬ್ಬರು ಕಾವಲುಗಾರರನ್ನೂ ನೆಲಮಾಳಿಗೆಯಲ್ಲಿ ಕಟ್ಟಿಹಾಕಿ, 81 ನಿಮಿಷ ಒಳಗಿದ್ದು, 13 ವಸ್ತುಗಳನ್ನು ಹೊತ್ತೊಯ್ದರು. ವರ್ಮೀರ್ ಬರೆದ 'ದಿ ಕಾನ್ಸರ್ಟ್' ಅದರಲ್ಲಿತ್ತು. ವರ್ಮೀರನದೆಂದು ಇವತ್ತು ಒಪ್ಪುವ ಚಿತ್ರಗಳೇ ಸುಮಾರು 35. ರೆಂಬ್ರಾಂಟ್ ತನ್ನ ಜೀವನದಲ್ಲಿ ಬರೆದ ಒಂದೇ ಒಂದು ಸಮುದ್ರದ ಚಿತ್ರವೂ ಹೋಯಿತು. ಒಟ್ಟು ಬೆಲೆ 50 ಕೋಟಿ ಡಾಲರ್ ಎಂದು ಅಂದಾಜು.

ಆದರೆ ಅವರು ಬಿಟ್ಟುಹೋದದ್ದನ್ನೂ ನೋಡಬೇಕು. ಮೂರನೇ ಅಂತಸ್ತಿನಲ್ಲಿದ್ದ, ಟಿಷಿಯನ್ ಬರೆದ 'ಯುರೋಪಾ' ಚಿತ್ರ ಆ ಕಟ್ಟಡದ ಅತಿ ದೊಡ್ಡ ಆಸ್ತಿ. ಅದರ ಹತ್ತಿರವೂ ಹೋಗಲಿಲ್ಲ. ಅದರ ಬದಲು ನೆಪೋಲಿಯನ್ ಸೇನೆಯ ಧ್ವಜದ ಕಂಬದ ಮೇಲಿನ ಹದ್ದಿನ ಗೊಂಬೆಯನ್ನು ಕಿತ್ತುಕೊಂಡು ಹೋದರು. ಚಿತ್ರ ಬಲ್ಲ ಒಬ್ಬ ಸಾಹುಕಾರ ಪಟ್ಟಿ ಬರೆದು ಕಳಿಸಿದ್ದರೆ ಹೀಗೆ ಆಗುತ್ತಿತ್ತಾ? ನನಗೆ ಹಾಗೆ ಅನ್ನಿಸುವುದಿಲ್ಲ.

ಅದೇ ಊರಲ್ಲಿ ಈ ಕಳವಿಗೂ 15 ವರ್ಷ ಮೊದಲು ಇನ್ನೊಂದು ಘಟನೆ ನಡೆದಿತ್ತು. ಮೈಲ್ಸ್ ಕಾನರ್ ಎಂಬ ಕಳ್ಳ ಬೇರೊಂದು ಪ್ರಕರಣದಲ್ಲಿ ಸಿಕ್ಕಿಬಿದ್ದಿದ್ದ. ಜಾಮೀನಿನ ಮೇಲೆ ಹೊರಗಿದ್ದಾಗ, 1975ರಲ್ಲಿ, ಬಾಸ್ಟನ್ನಿನ ಲಲಿತಕಲಾ ಮ್ಯೂಸಿಯಂನಿಂದ ರೆಂಬ್ರಾಂಟ್ ಚಿತ್ರವೊಂದನ್ನು ಹೊತ್ತೊಯ್ದ. ಅದನ್ನು ಮರಳಿಸಿ ತನ್ನ ಶಿಕ್ಷೆ ತಗ್ಗಿಸಿಕೊಂಡ. ಆ ಊರಿನ ಪುಂಡರಿಗೆಲ್ಲ ಇದು ಗೊತ್ತಿತ್ತು. ಗಾರ್ಡನರ್ ಕಳವಿನ ಹಿಂದೆಯೂ ಇಂಥದೇ ಲೆಕ್ಕ ಇದ್ದಿರಬಹುದು ಎಂದು ಹಲವು ತನಿಖೆಗಾರರು ನಂಬುತ್ತಾರೆ. ನನಗೂ ಅದೇ ಹೆಚ್ಚು ನಂಬಲರ್ಹ ಅನ್ನಿಸುತ್ತದೆ. ಆ 13ರಲ್ಲಿ ಒಂದೂ ಇನ್ನೂ ಮ್ಯೂಸಿಯಂಗೆ ಮರಳಿಲ್ಲ. ಮಾಹಿತಿ ಕೊಟ್ಟವರಿಗೆ 1 ಕೋಟಿ ಡಾಲರ್ ಬಹುಮಾನವಿದೆ.

ಹಣಕ್ಕಾಗಿ ಕದಿಯುವವರಿಗೆ ಒಂದು ದಾರಿ ಮಾತ್ರ ಕೆಲವೊಮ್ಮೆ ತೆರೆದಿರುತ್ತದೆ. ಅದು ಚಿತ್ರದ ಮಾಲೀಕರಿಂದಲೇ ಹಣ ಕೀಳುವುದು. 1994ರಲ್ಲಿ ಲಂಡನ್ನಿನ ಟೇಟ್ ಗ್ಯಾಲರಿ ಟರ್ನರನ ಎರಡು ದೊಡ್ಡ ಚಿತ್ರಗಳನ್ನು ಜರ್ಮನಿಯ ಫ್ರಾಂಕ್‌ಫರ್ಟಿನ ಪ್ರದರ್ಶನಕ್ಕೆ ಕಳಿಸಿತ್ತು. ಅಲ್ಲಿ ಎರಡೂ ಕಳುವಾದವು. ವಿಮಾ ಕಂಪನಿಗಳು 2.4 ಕೋಟಿ ಪೌಂಡ್ ಕೊಟ್ಟವು. ಹಣ ಕೊಟ್ಟ ಮೇಲೆ ಚಿತ್ರದ ಹಕ್ಕು ವಿಮೆಯವರದು. 1998ರಲ್ಲಿ ಟೇಟ್ 80 ಲಕ್ಷ ಪೌಂಡ್ ಕೊಟ್ಟು ಆ ಹಕ್ಕನ್ನು ಮರಳಿ ಕೊಂಡಿತು. ಆಗ ಕೈಯಲ್ಲಿ ಚಿತ್ರಗಳೇ ಇರಲಿಲ್ಲ. ನಂತರ ಜರ್ಮನಿಯ ವಕೀಲರೊಬ್ಬರ ಮೂಲಕ ಮಾತುಕತೆ ನಡೆಸಿ, ನ್ಯಾಯಾಲಯದ ಒಪ್ಪಿಗೆ ಪಡೆದು, ಹಣ ಕೊಟ್ಟರು. ಒಂದು ಚಿತ್ರ 2000ದಲ್ಲಿ, ಇನ್ನೊಂದು 2002ರಲ್ಲಿ ಮರಳಿತು.

ಇದು ಸರಿಯಾ? ಇದರ ಬಗ್ಗೆ ನನ್ನ ಮನಸ್ಸು ಎರಡು ಕಡೆ ಎಳೆಯುತ್ತದೆ. ಕೊಟ್ಟದ್ದು ಮಾಹಿತಿಗೆ ಎಂದು ಟೇಟ್ ಹೇಳಿತು. ಆದರೆ ಆ ಹಣ ಕೊನೆಗೆ ಯಾರ ಕೈ ಸೇರಿತು ಎಂಬ ಪ್ರಶ್ನೆ ಹೋಗುವುದಿಲ್ಲ. ಹೀಗೆ ಕೊಟ್ಟಾಗಲೆಲ್ಲ ಮುಂದಿನ ಕಳ್ಳನಿಗೆ ಆಸೆ ಹುಟ್ಟುತ್ತದೆ. ಕೊಡದಿದ್ದರೆ ಆ ಎರಡು ಚಿತ್ರ ಯಾವುದೋ ಗೋದಾಮಿನ ತೇವದಲ್ಲಿ ಕೊಳೆತು ಹೋಗುತ್ತಿದ್ದವು. ನನ್ನ ಕೆಲಸದ ಕಣ್ಣಿನಿಂದ ನೋಡಿದರೆ ಚಿತ್ರ ಉಳಿದದ್ದೇ ದೊಡ್ಡದು.

ಹಣದಾಚೆಯ ಕಾರಣಗಳೂ ಇವೆ. ಮೊನಾಲಿಸಾ ಕತೆ ನಿಮಗೆ ಗೊತ್ತಿರಬಹುದು. 1911ರ ಆಗಸ್ಟ್ 21, ಸೋಮವಾರ. ಪ್ಯಾರಿಸ್ಸಿನ ಲೂವ್ರ್ ಮ್ಯೂಸಿಯಂಗೆ ರಜೆ. ಅಲ್ಲಿ ಹಿಂದೆ ಕೆಲಸ ಮಾಡಿದ್ದ ಇಟಲಿಯ ವಿನ್ಚೆನ್ಸೊ ಪೆರುಜ್ಜಾ ಅದನ್ನು ಹೊತ್ತೊಯ್ದ. ಚಿತ್ರ ಇಲ್ಲ ಎಂಬುದೇ ಮರುದಿನದವರೆಗೆ ಯಾರಿಗೂ ಗೊತ್ತಾಗಲಿಲ್ಲ. ಎರಡು ವರ್ಷಕ್ಕೂ ಜಾಸ್ತಿ ಕಾಲ ತನ್ನ ಕೋಣೆಯ ಪೆಟ್ಟಿಗೆಯಲ್ಲಿಟ್ಟುಕೊಂಡ. 1913ರ ಡಿಸೆಂಬರಿನಲ್ಲಿ ಫ್ಲಾರೆನ್ಸಿನ ವ್ಯಾಪಾರಿಯೊಬ್ಬರಿಗೆ ತೋರಿಸಲು ಹೋಗಿ ಸಿಕ್ಕಿಬಿದ್ದ. ನೆಪೋಲಿಯನ್ ದೋಚಿದ್ದನ್ನು ತಾಯ್ನಾಡಿಗೆ ಮರಳಿಸಿದೆ ಎಂದ. ಹಾಗೆ ನಡೆದೇ ಇರಲಿಲ್ಲ. ಲಿಯೊನಾರ್ಡೊ ತಾನೇ ಆ ಚಿತ್ರವನ್ನು ಫ್ರಾನ್ಸಿಗೆ ಒಯ್ದಿದ್ದ, ಅದು ಅಲ್ಲಿನ ರಾಜನ ಸಂಗ್ರಹಕ್ಕೆ ಸೇರಿತ್ತು. ಪೆರುಜ್ಜಾ ಹಣವನ್ನೂ ಕೇಳಿದ್ದ. ಆದರೂ ಇಟಲಿಯ ಜನ ಅವನನ್ನು ಮೆಚ್ಚಿಕೊಂಡರು, ಕೋರ್ಟ್ ಕೊಟ್ಟ ಶಿಕ್ಷೆಯೂ ಚಿಕ್ಕದು. ಅಷ್ಟು ದಿನ ಪತ್ರಿಕೆಗಳ ಮುಖಪುಟದಲ್ಲಿ ಬಂದದ್ದರಿಂದಲೇ ಮೊನಾಲಿಸಾ ಮನೆಮನೆಯ ಹೆಸರಾದಳು.

ಲಂಡನ್ನಿನಲ್ಲಿ 1961ರಲ್ಲಿ ಗೋಯಾ ಬರೆದ ಡ್ಯೂಕ್ ಆಫ್ ವೆಲಿಂಗ್ಟನ್ ಭಾವಚಿತ್ರ ಕಳುವಾಯಿತು. ದೇಶ ಬಿಟ್ಟು ಹೋಗದಿರಲಿ ಎಂದು ಆಗತಾನೇ 1,40,000 ಪೌಂಡ್ ಕೊಟ್ಟು ಉಳಿಸಿಕೊಂಡಿದ್ದ ಚಿತ್ರ. ತಪ್ಪು ಒಪ್ಪಿಕೊಂಡವರು ನ್ಯೂಕ್ಯಾಸಲ್ಲಿನ ಕೆಂಪ್ಟನ್ ಬಂಟನ್, ಹಿಂದೆ ಬಸ್ ಓಡಿಸುತ್ತಿದ್ದವರು. ವಯಸ್ಸಾದ ಬಡವರು ಟಿವಿ ನೋಡಲು ಲೈಸೆನ್ಸ್ ಶುಲ್ಕ ಕಟ್ಟಬೇಕಾಗಿದ್ದುದು ಅವರಿಗೆ ಸಹಿಸದ ಅನ್ಯಾಯವಾಗಿ ಕಂಡಿತ್ತು. ಚಿತ್ರದ ಬೆಲೆಯಷ್ಟೇ ಹಣವನ್ನು ಬಡವರ ಟಿವಿ ಲೈಸೆನ್ಸಿಗೆ ಕೊಡಿ ಎಂದು ಬೇಡಿಕೆ ಇಟ್ಟರು. 1965ರಲ್ಲಿ ಚಿತ್ರ ಬರ್ಮಿಂಗ್‌ಹ್ಯಾಮ್ ರೈಲ್ವೆ ನಿಲ್ದಾಣದ ಲಗೇಜ್ ಕೌಂಟರಿನಲ್ಲಿ ಸಿಕ್ಕಿತು. ಮರಳಿಸುವ ಉದ್ದೇಶ ಇದ್ದದ್ದರಿಂದ ಚಿತ್ರ ಕದ್ದಂತಾಗುವುದಿಲ್ಲ ಎಂದು ಜ್ಯೂರಿ ಅವರನ್ನು ಬಿಟ್ಟಿತು. ಮರಳಿ ಬಾರದ ಚೌಕಟ್ಟಿಗಾಗಿ ಮಾತ್ರ 3 ತಿಂಗಳು ಜೈಲು. ಬ್ರಿಟನ್ ಇದಕ್ಕಾಗಿಯೇ 1968ರ ಕಳ್ಳತನ ಕಾಯ್ದೆಯಲ್ಲಿ ಹೊಸ ಕಲಮು ಸೇರಿಸಿತು. ನಿಜವಾಗಿ ಕದ್ದದ್ದು ಅವರ ಮಗ ಎಂಬುದು ಎಷ್ಟೋ ವರ್ಷದ ಮೇಲೆ ಹೊರಬಂತು.

ಪ್ರೀತಿಗಾಗಿ ಕದ್ದೆ ಅನ್ನುವವರೂ ಇದ್ದಾರೆ. ಫ್ರಾನ್ಸಿನ ಸ್ಟೆಫಾನ್ ಬ್ರೈಟ್‌ವೀಸರ್ ಅವರಲ್ಲಿ ಎಲ್ಲರಿಗಿಂತ ಹೆಸರಾದವನು. 1995ರಿಂದ 2001ರವರೆಗೆ ಯುರೋಪಿನ ಚಿಕ್ಕಪುಟ್ಟ ಮ್ಯೂಸಿಯಂಗಳಿಂದ 200ಕ್ಕೂ ಹೆಚ್ಚು ವಸ್ತು ಕದ್ದ. ಹಗಲಲ್ಲೇ, ಕಾವಲಿನವರು ಅತ್ತ ತಿರುಗಿದಾಗ. ಒಂದನ್ನೂ ಮಾರಲಿಲ್ಲ. ತಾಯಿಯ ಮನೆಯ ಅಟ್ಟದಲ್ಲಿ ಜೋಡಿಸಿಟ್ಟು ನೋಡುತ್ತಾ ಕೂರುತ್ತಿದ್ದ. ಅವನ ಬಗ್ಗೆ ಬರೆಯುವವರು ಸ್ವಲ್ಪ ಮೃದುವಾಗಿ ಬರೆಯುತ್ತಾರೆ. ನನಗೆ ಆ ಮೃದುತ್ವ ಸಾಧ್ಯವಿಲ್ಲ. ಅವನು ಸಿಕ್ಕಿಬಿದ್ದ ಮೇಲೆ ಅಟ್ಟದಲ್ಲಿದ್ದ ಎಷ್ಟೋ ವಸ್ತುಗಳು ಹತ್ತಿರದ ಕಾಲುವೆಯ ಪಾಲಾದವು. ಚಿತ್ರಗಳನ್ನು ಅವನ ತಾಯಿಯೇ ಕತ್ತರಿಸಿ ಕಸಕ್ಕೆ ಹಾಕಿದರು. ಅವುಗಳಲ್ಲಿ 400 ವರ್ಷ ದಾಟಿದವೂ ಇದ್ದವು. ಸಣ್ಣ ಊರಿನ ಮ್ಯೂಸಿಯಂನಲ್ಲಿ ಎಲ್ಲರೂ ನೋಡಬಹುದಾಗಿದ್ದನ್ನು ಒಬ್ಬ ತನಗಾಗಿ ಮಾತ್ರ ಇಟ್ಟುಕೊಂಡ. ಅದರಿಂದ ಅವು ಈಗ ಯಾರಿಗೂ ಇಲ್ಲ.

ಚಿತ್ರಕ್ಕೆ ಆಗುವ ಪೆಟ್ಟಿನ ಬಗ್ಗೆ ಸುದ್ದಿಯಲ್ಲಿ ಕಡಿಮೆ ಬರುತ್ತದೆ. ಅದನ್ನು ಹೇಳಲೇಬೇಕು. ಗಾರ್ಡನರ್ ಕಳ್ಳರು ರೆಂಬ್ರಾಂಟ್ ಕ್ಯಾನ್ವಾಸನ್ನು ಚೌಕಟ್ಟಿನಿಂದ ಬ್ಲೇಡಿನಲ್ಲಿ ಕೊಯ್ದು ಒಯ್ದರು. 350 ವರ್ಷ ಹಳೆಯ ಎಣ್ಣೆಬಣ್ಣ ಗಾಜಿನಷ್ಟು ಪೆಡಸಾಗಿರುತ್ತದೆ. ಸುರುಳಿ ಸುತ್ತಿದರೆ ಬಣ್ಣ ಸಿಡಿದು ಚಕ್ಕೆ ಚಕ್ಕೆಯಾಗಿ ಉದುರುತ್ತದೆ. ಶೆವೆನಿಂಗೆನ್ ಚಿತ್ರದ ಕೆಳಗಿನ ಎಡಮೂಲೆಯಲ್ಲಿ ಸುಮಾರು 5 ಸೆಂಟಿಮೀಟರ್ ಉದ್ದಕ್ಕೆ ಬಣ್ಣ ಹೋಗಿತ್ತು. ಮುಂಕ್ ಬರೆದ 'ದಿ ಸ್ಕ್ರೀಮ್' ಚಿತ್ರದ ಒಂದು ಪ್ರತಿ 2004ರಲ್ಲಿ ಆಸ್ಲೊ ನಗರದ ಮುಂಕ್ ಮ್ಯೂಸಿಯಂನಿಂದ ಬಂದೂಕು ತೋರಿಸಿ ಒಯ್ದದ್ದು. ಎರಡು ವರ್ಷದ ಮೇಲೆ ಸಿಕ್ಕಾಗ ಅದರ ಮೂಲೆಗೆ ನೀರಿನ ಕಲೆ ಹತ್ತಿತ್ತು. ರಟ್ಟಿನ ಮೇಲೆ ಬರೆದ ಚಿತ್ರದಿಂದ ಆ ಕಲೆಯನ್ನು ಪೂರ್ತಿ ತೆಗೆಯುವುದು ಸಾಧ್ಯವಿಲ್ಲ. ಎಲ್ಲಕ್ಕಿಂತ ಕೆಟ್ಟದ್ದು ರಾಟರ್‌ಡ್ಯಾಮಿನ ಕುನ್ಸ್ತ್‌ಹಾಲ್ ಎಂಬ ಮ್ಯೂಸಿಯಂನ ಪ್ರಕರಣ. 2012ರ ಅಕ್ಟೋಬರಿನಲ್ಲಿ ಪಿಕಾಸೊ, ಮೊನೆ, ಮತೀಸ್, ಗೊಗ್ಯಾನ್ ಮುಂತಾದವರ 7 ಚಿತ್ರಗಳು ಹೋದವು. ಕದ್ದವರು ರೊಮೇನಿಯಾದವರು, ಗಿರಾಕಿ ಸಿಗಲಿಲ್ಲ. ಪೊಲೀಸರು ಹತ್ತಿರ ಬಂದಾಗ ಆರೋಪಿಯೊಬ್ಬನ ತಾಯಿ ಚಿತ್ರಗಳನ್ನು ಒಲೆಗೆ ಹಾಕಿದೆ ಎಂದರು. ನಂತರ ಆ ಮಾತನ್ನು ಹಿಂದೆ ತೆಗೆದುಕೊಂಡರು. ಒಲೆಯ ಬೂದಿಯಲ್ಲಿ ಹಳೆಯ ಬಣ್ಣದ ಅಂಶ ಮತ್ತು ಕ್ಯಾನ್ವಾಸಿನ ಮೊಳೆಗಳು ಸಿಕ್ಕವು. ಮಾರಲಾಗದ ಚಿತ್ರ ಕೊನೆಗೆ ಕಳ್ಳನ ಪಾಲಿಗೆ ಸಾಕ್ಷ್ಯ ಮಾತ್ರ. ಸಾಕ್ಷ್ಯವನ್ನು ಸುಡುತ್ತಾರೆ.

ಒಡವೆಯ ಮಾತು ಬೇರೆ. 2025ರ ಅಕ್ಟೋಬರ್ 19ರಂದು ಲೂವ್ರ್‌ನಿಂದ 8.8 ಕೋಟಿ ಯೂರೊ ಬೆಲೆಯ ರಾಜಮನೆತನದ ಒಡವೆಗಳನ್ನು ಒಯ್ದರಲ್ಲ, ಅಲ್ಲಿ ಚಿನ್ನ ಕರಗಿಸಬಹುದು, ಹರಳು ಬಿಡಿಸಬಹುದು. ಅವರು ಅದೇ ಮ್ಯೂಸಿಯಂನ ಚಿತ್ರಗಳ ಕಡೆ ತಿರುಗಿ ನೋಡದಿದ್ದುದು ನನಗೆ ಆಶ್ಚರ್ಯ ತರಲಿಲ್ಲ.

ನಮ್ಮ ದೇಶದ ಪರಿಸ್ಥಿತಿ ಇದಕ್ಕೆ ಪೂರ್ತಿ ವಿರುದ್ಧ. ಇಲ್ಲಿ ಕದ್ದದ್ದು ಮಾರಾಟವಾಗುತ್ತದೆ. ತಮಿಳುನಾಡಿನ ಶ್ರೀಪುರಂದಾನ್ ಎಂಬ ಹಳ್ಳಿಯ ದೇವಸ್ಥಾನದಿಂದ ಕದ್ದ ಚೋಳರ ಕಾಲದ ಕಂಚಿನ ನಟರಾಜನನ್ನು ನ್ಯೂಯಾರ್ಕಿನ ವ್ಯಾಪಾರಿ ಸುಭಾಷ್ ಕಪೂರ್ ಮೂಲಕ ಆಸ್ಟ್ರೇಲಿಯಾದ ನ್ಯಾಷನಲ್ ಗ್ಯಾಲರಿ 2008ರಲ್ಲಿ ಕೊಂಡಿತು. ಕೊಟ್ಟದ್ದು ಸುಮಾರು 50 ಲಕ್ಷ ಡಾಲರ್. ಗುಟ್ಟಾಗಿ ಅಲ್ಲ, ಬಿಲ್ಲು ಮತ್ತು ಸುಳ್ಳು ಕಾಗದಪತ್ರಗಳ ಸಮೇತ. ಆ ನಟರಾಜನನ್ನು ಊರಿನವರ ಹೊರತು ಯಾರೂ ಕಂಡಿರಲಿಲ್ಲ, ಅದಕ್ಕೇ ಮಾರಲು ಸಾಧ್ಯವಾಯಿತು. 2014ರಲ್ಲಿ ಅದು ಭಾರತಕ್ಕೆ ಮರಳಿತು. ಮರಳಲು ಮುಖ್ಯ ಆಧಾರವಾದದ್ದು ಪಾಂಡಿಚೇರಿಯ ಫ್ರೆಂಚ್ ಇನ್‌ಸ್ಟಿಟ್ಯೂಟ್‌ನವರು ಹಿಂದೆಂದೋ ದೇವಸ್ಥಾನದಲ್ಲಿ ತೆಗೆದಿಟ್ಟಿದ್ದ ಫೋಟೊ. ಆ ಫೋಟೊ ಇಲ್ಲದಿದ್ದರೆ ನಟರಾಜ ಇನ್ನೂ ಕ್ಯಾನ್‌ಬೆರಾದಲ್ಲೇ ಇರುತ್ತಿದ್ದ.

ನಿಮ್ಮ ಮನೆಯ ಚಿತ್ರಕ್ಕೂ ಇದೇ ಅನ್ವಯಿಸುತ್ತದೆ. ಮೊನಾಲಿಸಾಗೆ ಇರುವ ಹೆಸರಿನ ರಕ್ಷೆ ಅದಕ್ಕಿಲ್ಲ. ಕಳುವಾದರೆ ಯಾರು ಬೇಕಾದರೂ ನಮ್ಮ ಅಜ್ಜಿ ಮನೆಯದು ಅಂತ ಮಾರಿಬಿಡಬಹುದು. ಹಾಗಾಗಿ ಈ ವಾರವೇ ಫೋಟೊ ತೆಗೆಯಿರಿ. ಎದುರಿನಿಂದ ಒಂದು, ನಾಲ್ಕು ಮೂಲೆಗಳದು ಹತ್ತಿರದಿಂದ. ಹಿಂಬದಿಯದನ್ನು ಮರೆಯಬೇಡಿ. ಹಲಗೆಯ ಬಿರುಕು, ಹಳೆಯ ಚೀಟಿ, ಕಟ್ಟು ಹಾಕಿದ ಅಂಗಡಿಯ ಹೆಸರು ಎಲ್ಲ ಅಲ್ಲೇ ಇರುತ್ತದೆ. ಮೈಸೂರು ಶೈಲಿಯಲ್ಲಿ ಚಿನ್ನದ ರೇಕಿನ ಕೆಳಗೆ ತೆಳುವಾದ ಉಬ್ಬು ಕೆಲಸ ಇರುತ್ತದಲ್ಲ, ಅದಕ್ಕೆ ಒಂದು ಪಕ್ಕದಿಂದ ಬೆಳಕು ಬೀಳುವ ಹಾಗೆ ಟಾರ್ಚ್ ಹಿಡಿದು ಇನ್ನೊಂದು ಫೋಟೊ ತೆಗೆಯಿರಿ. ಆ ಉಬ್ಬಿನ ವಿವರ, ರೇಕು ಎದ್ದಿರುವ ಜಾಗ ಎರಡು ಚಿತ್ರಗಳಲ್ಲಿ ಒಂದೇ ಥರ ಇರುವುದಿಲ್ಲ. ಇದು ನಮ್ಮದೇ ಎಂದು ಪೊಲೀಸರ ಮುಂದೆ ತೋರಿಸಲು ಇದಕ್ಕಿಂತ ಒಳ್ಳೆಯ ಗುರುತಿಲ್ಲ. ಉದ್ದಗಲ ಅಳೆದು ಬರೆದಿಡಿ. ಯಾರಿಂದ ಬಂತು, ಯಾರು ಬರೆದರು ಎಂದು ಮನೆಯ ಹಿರಿಯರಿಗೆ ಗೊತ್ತಿದ್ದರೆ ಅದನ್ನೂ ಬರೆದು ತಾರೀಖು ಹಾಕಿ. ಫೋಟೊಗಳ ಒಂದು ಪ್ರತಿ ಮನೆಯ ಹೊರಗೆ, ಸಂಬಂಧಿಕರ ಹತ್ತಿರವೋ ಇಮೇಲಿನಲ್ಲೋ ಇರಲಿ.

ಚಿತ್ರ 100 ವರ್ಷ ದಾಟಿದ್ದರೆ 1972ರ ಪುರಾತನ ವಸ್ತು ಮತ್ತು ಕಲಾನಿಧಿ ಕಾಯ್ದೆಯ ಕೆಳಗೆ ಬರುತ್ತದೆ. ಅದನ್ನು ನೋಂದಣಿ ಮಾಡಿಸಬೇಕು. ಪುರಾತತ್ವ ಇಲಾಖೆಯಲ್ಲಿ ಇದಕ್ಕೆ ನೋಂದಣಿ ಅಧಿಕಾರಿ ಇರುತ್ತಾರೆ. ನೋಂದಣಿ ಮಾಡಿಸಿದರೆ ಸರ್ಕಾರ ಕಿತ್ತುಕೊಳ್ಳುತ್ತದೆ ಎಂದು ಎಷ್ಟೋ ಜನ ಸುಮ್ನೆ ಹೆದರುತ್ತಾರೆ. ಹೆದರಬೇಡಿ, ಚಿತ್ರ ನಿಮ್ಮದಾಗಿಯೇ ನಿಮ್ಮ ಮನೆಯಲ್ಲೇ ಇರುತ್ತದೆ. ದೇಶದ ಹೊರಗೆ ಮಾತ್ರ ಒಯ್ಯುವಂತಿಲ್ಲ. ಇನ್ನೊಂದು ಮಾತು, ಫೋಟೊ ತೆಗೆಯುವ ಮುನ್ನ ಚಂದ ಕಾಣಲಿ ಎಂದು ಒದ್ದೆ ಬಟ್ಟೆಯಲ್ಲಿ ಒರೆಸಬೇಡಿ. ನೀರು ತಾಗಿದರೆ ಚಿನ್ನದ ರೇಕಿನ ಕೆಳಗಿನ ಅಂಟು ಬಿಡುತ್ತದೆ. ಧೂಳು ಇದ್ದರೆ ಇರಲಿ, ಧೂಳಿನ ಸಮೇತವೇ ಫೋಟೊ ತೆಗೆಯಿರಿ.